ತುಂಗಭದ್ರೆಯ ದಡದ ಎರಡು ಊಟಗಳು

(ಬಾನುಲಿ ಭಾಷಣ)

ಹೊಸಪೇಟೆಯಿಂದ ಕಂಪ್ಲಿಯ ಕಡೆಗೆ ಹೊರಟರೆ ದಾರಿಯ ಇಕ್ಕೆಲಗಳಲ್ಲಿಯೂ ಗದ್ದೆ, ಕಬ್ಬು, ಬಾಳೆ. ಕಾಲುವೆಯ ನೀರು ಕಣ್ಣಿಗೆ ಮರೆಯಾಗುವುದೇ ಅಪರೂಪ. ಅದೇ ಊರಿನಿಂದ ದಕ್ಷಿಣಕ್ಕೆ ತಿರುಗಿ ಸಂಡೂರಿನ ಬೆಟ್ಟಸಾಲನ್ನು ಹಿಡಿದರೆ ಕೆಂಪು ನೆಲ, ಅದಿರಿನ ಗುಡ್ಡ, ಮಳೆಯನ್ನೇ ನಂಬಿದ ಹೊಲ. ನಡುವಣ ದೂರ ಕೆಲವೇ ಹರಿದಾರಿಗಳದು. ಆದರೂ ಈ ಎರಡು ಬಗೆಯ ನೆಲಗಳು ಶತಮಾನಗಳ ಕಾಲ ಎರಡು ಬೇರೆ ಊಟಗಳನ್ನು ಉಣ್ಣುತ್ತ ಬಂದವು. ಒಂದು ಅನ್ನದ ಊಟ. ಇನ್ನೊಂದು ಜೋಳ, ನವಣೆ, ಸಜ್ಜೆಗಳ ಊಟ. ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬುದನ್ನು ಅಂದು ತೀರ್ಮಾನಿಸಿದವರು ನೀರು ಯಾರ ಕೈಯಲ್ಲಿದ್ದಿತೋ ಅವರು. ಈಚಿನ ನಲವತ್ತು ವರ್ಷಗಳಿಂದ ಅದೇ ಪ್ರಶ್ನೆಯನ್ನು ಆಹಾರವಿಜ್ಞಾನಿಗಳು ಪ್ರಯೋಗಶಾಲೆಗಳಲ್ಲಿ ಕೇಳುತ್ತಿದ್ದಾರೆ. ಅವರಿಗೆ ದೊರೆತಿರುವ ಉತ್ತರ ನಮ್ಮ ಚರಿತ್ರೆ ಕೊಟ್ಟ ಉತ್ತರಕ್ಕಿಂತ ಭಿನ್ನವಾಗಿದೆ. ಈ ಭಿನ್ನತೆಯನ್ನು ಕುರಿತು ಕೊಂಚ ಯೋಚಿಸಬಹುದು.

ಈ ಸೀಮೆಯ ಊಟದ ಚರಿತ್ರೆ ವಿಜಯನಗರದಿಂದ ಆರಂಭವಾಗುವುದಿಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲು, ಸಿರುಗುಪ್ಪದ ಕಡೆಯ ತೆಕ್ಕಲಕೋಟೆ ಮೊದಲಾದ ಗುಡ್ಡಗಳಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ದನ ಸಾಕುತ್ತ, ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಮಾಡುತ್ತ ಜನ ಬಾಳಿದರು. ಅವರ ಬೂದಿಯ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಬೀಜಗಳನ್ನು ಸೋಸಿ, ಅವರು ಉಂಡದ್ದೇನು ಎಂಬುದನ್ನು ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮುಂತಾದ ಸಂಶೋಧಕರು ಕಂಡುಹಿಡಿದರು. ಅಲ್ಲಿ ಮುಖ್ಯವಾಗಿ ಸಿಕ್ಕಿದುವು ಕೊರಲೆ, ನವಣೆಯ ಕುಲದ ಇನ್ನೊಂದು ಕಿರುಧಾನ್ಯ, ಹುರುಳಿ ಮತ್ತು ಹೆಸರು. ಎರಡು ಹುಲ್ಲುಧಾನ್ಯ, ಎರಡು ಕಾಳು. ನಮ್ಮವೇ ಎಂದು ನಾವು ಭಾವಿಸಿರುವ ಜೋಳ, ರಾಗಿ, ಸಜ್ಜೆಗಳು ಆಫ್ರಿಕದಿಂದ ಬಂದು ಈ ನೆಲದಲ್ಲಿ ಬೇರುಬಿಟ್ಟದ್ದು ಅನಂತರ. ಧಾನ್ಯಗಳು ಬದಲಾದರೂ ಒಂದು ಮಾತು ಬದಲಾಗಲಿಲ್ಲ: ಧಾನ್ಯದ ಪಕ್ಕದಲ್ಲಿ ಕಾಳು ಇರಬೇಕು. ಈ ಜೋಡಿಯನ್ನು ನಾವು ನೆನಪಿನಲ್ಲಿಟ್ಟುಕೊಳ್ಳೋಣ. ಮುಂದೆ ಅದರ ಪ್ರಸ್ತಾಪ ಮತ್ತೆ ಬರುತ್ತದೆ.

ವಿಜಯನಗರದ ಅರಸರು ಮಾಡಿದುದು ನೀರಿನ ಕ್ರಾಂತಿ. ತುಂಗಭದ್ರೆಗೆ ಅಡ್ಡಲಾಗಿ ಅಣೆಕಟ್ಟುಗಳನ್ನು ಕಟ್ಟಿ, ಬಂಡೆಗಳ ನಡುವೆ ಕಾಲುವೆಗಳನ್ನು ತೋಡಿದರು. ತುರ್ತು ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆ, ಕಂಪ್ಲಿ ಕಾಲುವೆ ಇವೆಲ್ಲ ಇಂದಿಗೂ ಹರಿಯುತ್ತಿವೆ. ಅರಮನೆಗಳು ಬಿದ್ದುಹೋದುವು; ಕಾಲುವೆಗಳು ಉಳಿದುವು. ಹೊಸಪೇಟೆಯ ಬಳಿ ಕೃಷ್ಣದೇವರಾಯನು ದೊಡ್ಡದೊಂದು ಕೆರೆಯನ್ನು ಕಟ್ಟಿಸುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡನು. ಆ ನೀರಿನಿಂದ ಗದ್ದೆ ತೋಟಗಳಾದುವೆಂದೂ, ಸಾಗುವಳಿ ಮಾಡುವವರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ನೆಲವನ್ನು ಬಿಟ್ಟುಕೊಟ್ಟರೆಂದೂ ಅವನ ಹಿಂದೆಯೇ ಬಂದ ನೂನಿಜ್ ಬರೆದಿದ್ದಾನೆ.

ನೀರು ಬಂದಲ್ಲಿ ಬತ್ತ ಬಂದಿತು. ಬತ್ತ ಬಂದಲ್ಲಿ ಕಂದಾಯ ಬಂದಿತು. ಗದ್ದೆಯ ನೆಲ ಬೇರೆ, ಬೆದ್ದಲು ಬೇರೆ. ಎರಡಕ್ಕೂ ತೆರಿಗೆಯ ಲೆಕ್ಕವೇ ಬೇರೆ. ದೇವರ ನೈವೇದ್ಯಕ್ಕೆ ಅಕ್ಕಿ, ತುಪ್ಪ, ಹೆಸರುಬೇಳೆ. ನೈವೇದ್ಯವಾದ ಅನ್ನವೇ ಪ್ರಸಾದವಾಗಿ ಗೌರವದ ಗುರುತಾಯಿತು. ಪೇಟೆಯಲ್ಲಿ ಜೋಳವಿದ್ದಿತು, ಹುರುಳಿಯಿದ್ದಿತು, ಹೆಸರಿದ್ದಿತು, ಇನ್ನೂ ಹಲವು ಕಾಳುಗಳಿದ್ದುವು. ಇವು ಸಾಮಾನ್ಯ ಜನರ ಆಹಾರವೆಂದು ಪಾಯೆಸ್ ಗುರುತಿಸಿದ್ದಾನೆ. ಈ ಪ್ರದೇಶದ ಬೇಸಾಯದ ಚರಿತ್ರೆಯನ್ನು ದೀರ್ಘಕಾಲ ಅಭ್ಯಸಿಸಿದ ಅಮೆರಿಕದ ವಿದುಷಿ ಕ್ಯಾಥ್ಲೀನ್ ಮಾರಿಸನ್ ಎತ್ತಿ ತೋರಿಸಿರುವ ಅಂಶವೂ ಇದೇ: ನದಿಯ ಕಾಲುವೆಗಳ ಕೆಳಗೆ ಅನ್ನದ ಒಂದು ಲೋಕ, ಅದರಾಚೆ ದರೋಜಿಯಂಥ ಮಳೆನೀರಿನ ಕೆರೆಗಳನ್ನು ನೆಚ್ಚಿಕೊಂಡ ಒಣಬೇಸಾಯದ ಇನ್ನೊಂದು ಲೋಕ. ಮೊದಲನೆಯದಕ್ಕೆ ಶಾಸನಗಳು ಬಹಳ; ಎರಡನೆಯದಕ್ಕೆ ಹೊಟ್ಟೆಗಳು ಬಹಳ.

ಹಂಪೆಯನ್ನು ನೋಡಿದವರಿಗೆ ಅಲ್ಲಿಯ ಭೋಜನಶಾಲೆ ನೆನಪಿರಬಹುದು. ನಡುವೆ ಕಲ್ಲಿನ ಕಾಲುವೆ, ಅದರ ಎರಡು ಬದಿಗಳಲ್ಲಿ ಸಾಲಾಗಿ ಕಲ್ಲಿನ ತಟ್ಟೆಗಳು. ತಟ್ಟೆಯಲ್ಲಿ ಅನ್ನಕ್ಕೊಂದು ಹರವು. ಅದರ ಪಕ್ಕದಲ್ಲಿ ವ್ಯಂಜನಗಳಿಗೆ ಚಿಕ್ಕ ಚಿಕ್ಕ ಗುಳಿಗಳು. ಕಲ್ಲುಕುಟಿಗನು ಧಾನ್ಯವನ್ನು ಒಂಟಿಯಾಗಿ ಬಿಡಲಿಲ್ಲ.

ಧಾನ್ಯಗಳ ನಡುವಣ ಈ ಮೇಲುಕೀಳನ್ನು ಕುರಿತು ಕನ್ನಡದಲ್ಲಿಯೇ ಒಂದು ಕಾವ್ಯ ಹುಟ್ಟಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ವ್ರೀಹಿ, ಎಂದರೆ ಬತ್ತ, ಮತ್ತು ನರೆದಲೆಗ, ಎಂದರೆ ರಾಗಿ, ಇವೆರಡೂ ಶ್ರೀರಾಮನ ಎದುರಿನಲ್ಲಿ ಜಗಳಕ್ಕೆ ನಿಲ್ಲುತ್ತವೆ. ಬತ್ತ ತನ್ನ ಕುಲವನ್ನು ಹೇಳಿಕೊಳ್ಳುತ್ತದೆ. ರಾಗಿಯು ಬಡವರನ್ನು ಕೈಬಿಡದ ತನ್ನ ಗುಣವನ್ನು ಹೇಳಿಕೊಳ್ಳುತ್ತದೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಅವಧಿ ಮುಗಿದಾಗ ಬತ್ತ ಕುಗ್ಗಿರುತ್ತದೆ, ರಾಗಿ ಗಟ್ಟಿಯಾಗಿರುತ್ತದೆ. ಸಮಾಜದ ಮೇಲುಕೀಳನ್ನು ಪ್ರಶ್ನಿಸುವ ಕಾವ್ಯವೆಂದು ವಿಮರ್ಶಕರು ಇದನ್ನು ಓದಿದ್ದಾರೆ, ಅದು ಸರಿಯೇ. ಆದರೆ ಇಲ್ಲಿ ಇನ್ನೊಂದು ವಿಚಾರವೂ ಅಡಗಿದೆ. ಧಾನ್ಯದ ಯೋಗ್ಯತೆಯನ್ನು ಅದರ ಕುಲದಿಂದ ಅಳೆಯಬಾರದು, ಪರೀಕ್ಷೆಗೆ ಒಡ್ಡಿ ಅಳೆಯಬೇಕು ಎಂಬುದೇ ಆ ವಿಚಾರ. ಸೆರೆಮನೆ ಒಂದು ಬಗೆಯ ಪ್ರಯೋಗಶಾಲೆಯೇ ಆಯಿತಲ್ಲವೆ?

ಸಾಮ್ರಾಜ್ಯ ಹೋಯಿತು, ಬೆದ್ದಲು ನೆಲದ ಊಟ ಉಳಿಯಿತು. ಡಬ್ಲ್ಯು. ಫ್ರಾನ್ಸಿಸ್ 1904ರಲ್ಲಿ ಹೊರತಂದ ಬಳ್ಳಾರಿ ಗೆಜೆಟಿಯರಿನಲ್ಲಿ ಕಾಣುವ ಜಿಲ್ಲೆ ಜೋಳ ನವಣೆಗಳ ಜಿಲ್ಲೆ. ಅದಕ್ಕೆ ಮೊದಲು, 1876ರಿಂದ 78ರವರೆಗಿನ ಮಹಾ ಬರಗಾಲದಲ್ಲಿ, ಮದರಾಸು ಪ್ರಾಂತದಲ್ಲಿಯೇ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಗಿದ್ದಿತು. ತುಂಗಭದ್ರೆಗೆ ದೊಡ್ಡ ಜಲಾಶಯವನ್ನು ಕಟ್ಟಬೇಕೆಂದು ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಸೂಚಿಸಿದ್ದರೂ ಶಂಕುಸ್ಥಾಪನೆ ನಡೆದುದು 1945ರ ಫೆಬ್ರವರಿಯಲ್ಲಿ. ಕಾಲುವೆಗಳಿಗೆ ನೀರು ಬಿಟ್ಟುದು 1953ರಲ್ಲಿ. ಅದೇ ವರ್ಷ ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಯೋಜನೆಯನ್ನು ರೂಪಿಸಿದವರು ಅದನ್ನು ಬತ್ತದ ಯೋಜನೆಯೆಂದು ಭಾವಿಸಿರಲಿಲ್ಲ. ಬರಗಾಲದ ನೆಲಕ್ಕೆ ನೀರನ್ನು ತೆಳ್ಳಗೆ ಹಂಚಿ, ಜೋಳ, ಹತ್ತಿ, ಶೇಂಗಾಗಳಂಥ ಮಿತ ನೀರಿನ ಬೆಳೆಗಳನ್ನು ಕಾಪಾಡುವುದೇ ಬಹುಪಾಲಿನ ಉದ್ದೇಶ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಕಾಗದದ ಮೇಲೆ ಗೊತ್ತುಮಾಡಲಾಗಿದ್ದಿತು. ಆದರೆ ನೀರು ಕಾಗದವನ್ನು ಓದುವುದಿಲ್ಲ. ಕರಾವಳಿ ಆಂಧ್ರದಿಂದ ಬಂದು ‘ಕ್ಯಾಂಪು’ಗಳಲ್ಲಿ ನೆಲೆಸಿದ ನುರಿತ ಬೇಸಾಯಗಾರರು ಗದ್ದೆ ಮಾಡಿದರು, ಅವರನ್ನು ನೋಡಿ ಉಳಿದವರೂ ಮಾಡಿದರು. ಬತ್ತಕ್ಕೆ ಬೆಲೆಯಿದ್ದಿತು, ಗಿರಣಿಯಿದ್ದಿತು, ಮಾನವಿದ್ದಿತು. ಕಾಲುವೆಯ ತಲೆಯಲ್ಲಿದ್ದವರು ಎರಡು ಬೆಳೆ ತೆಗೆದರೆ ಬಾಲದಲ್ಲಿದ್ದವರು ನೀರಿಗಾಗಿ ಕಾದರು. ಕಂಪ್ಲಿ, ಸಿರುಗುಪ್ಪ, ಗಂಗಾವತಿಗಳ ಸೋನಾ ಮಸೂರಿ ಊರೂರಿಗೆ ಹೋಯಿತು. ಹಬ್ಬಕ್ಕೆ ಮಾತ್ರ ಅನ್ನ ಕಾಣುತ್ತಿದ್ದ ಮನೆಗಳಲ್ಲಿ ಅನ್ನ ದಿನದ ಊಟವಾಯಿತು. ಇದನ್ನು ಹಗುರವಾಗಿ ಕಾಣಬಾರದು. ಹಸಿವೆಯ ನೆನಪಿದ್ದವರಿಗೆ ಬಿಳಿಯ ಅನ್ನ ಬಿಡುಗಡೆಯ ಗುರುತಾಗಿದ್ದಿತು.

ಆದರೆ ಆ ಬಿಳುಪಿಗೆ ತೆರಬೇಕಾದ ಬೆಲೆಯೊಂದಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯ, ಹೊಳಪು ಕೊಟ್ಟ ಅಕ್ಕಿಯನ್ನು ತಿಂದ ಕೋಳಿಗಳಿಗೆ ಬೆರಿಬೆರಿಯಂಥ ರೋಗ ತಗಲುವುದನ್ನು ಕಂಡನು. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಇದೇ ರೋಗದ ವಿಚಾರಣೆಗೆಂದು ಒಂದು ಚಿಕ್ಕ ಸಂಶೋಧನಾಲಯವನ್ನು ತೆರೆದನು. ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಹಾಕಿ ನೋಡಿದಾಗ ಇಡಿಗೋಧಿ, ಹಾಲು, ಬೇಳೆ, ಸೊಪ್ಪುಗಳಿದ್ದ ಪಂಜಾಬಿನ ಊಟ ಮೊದಲಿಗೂ, ಹೊಳಪು ಕೊಟ್ಟ ಅಕ್ಕಿಯೇ ಮುಖ್ಯವಾದ ಮದರಾಸಿನ ಊಟ ಕೊನೆಗೂ ನಿಂತಿತು. ಆ ಸಂಶೋಧನಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಅಕ್ಕಿ ಎಷ್ಟು ಎಂಬುದರ ಜೊತೆಗೆ ಎಂಥ ಅಕ್ಕಿ ಎಂಬ ಪ್ರಶ್ನೆ ನಮ್ಮಲ್ಲಿ ಹುಟ್ಟಿದುದು ಅಲ್ಲಿ.

ಎರಡನೆಯ ಪ್ರಶ್ನೆ ಕೆನಡಾದಿಂದ ಬಂದಿತು. ಅಕ್ಕಿ, ಜೋಳ, ಗೋಧಿ, ಬೇಳೆ ಇವೆಲ್ಲದರಲ್ಲಿಯೂ ಇರುವ ಶರ್ಕರಪಿಷ್ಟ ಕೊನೆಗೆ ಸಕ್ಕರೆಯಾಗಿಯೇ ರಕ್ತಕ್ಕೆ ಸೇರುತ್ತದೆ. ಹಾಗಾದರೆ ಎಲ್ಲವೂ ಒಂದೇ ವೇಗದಲ್ಲಿ ಸೇರುತ್ತವೆಯೆ? ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರು 1981ರಲ್ಲಿ 62 ಆಹಾರಗಳನ್ನು ಪರೀಕ್ಷಿಸಿ ಇದಕ್ಕೊಂದು ಅಳತೆಗೋಲನ್ನು ಕೊಟ್ಟರು. ಅದೇ ಗ್ಲೈಸೀಮಿಕ್ ಸೂಚ್ಯಂಕ. 50 ಗ್ರಾಂ ಶರ್ಕರಪಿಷ್ಟವಿರುವಷ್ಟು ಆಹಾರವನ್ನು ಉಣಿಸಿ, ಎರಡು ಗಂಟೆಗಳ ಕಾಲ ಆಗಾಗ ರಕ್ತದ ಸಕ್ಕರೆಯನ್ನು ಅಳೆಯುವುದು. ಗ್ಲೂಕೋಸನ್ನು ನೂರು ಎಂದಿಟ್ಟುಕೊಂಡು ಹೋಲಿಸುವುದು. 55 ಮತ್ತು ಅದಕ್ಕಿಂತ ಕಡಿಮೆಯಾದರೆ ನಿಧಾನಗತಿ, 70 ಮತ್ತು ಅದಕ್ಕೆ ಮೇಲಾದರೆ ಶೀಘ್ರಗತಿ. ಅಂದಿನಿಂದಲೂ ಎಲ್ಲಕ್ಕಿಂತ ನಿಧಾನವಾಗಿ ಕರಗುವವುಗಳ ಸಾಲಿನಲ್ಲಿ ಕಾಳುಗಳು ನಿಂತಿವೆ. ಸಂಗನಕಲ್ಲಿನ ಬೂದಿಯಲ್ಲಿ ಸಿಕ್ಕ ಹುರುಳಿ ಹೆಸರುಗಳ ಮಾತು ಇಲ್ಲಿ ಮತ್ತೆ ಬಂದಿತು.

ನಮ್ಮ ಸೋನಾ ಮಸೂರಿಯನ್ನು ಮದರಾಸಿನ ಮಧುಮೇಹ ಸಂಶೋಧನ ಪ್ರತಿಷ್ಠಾನದವರು ಇದೇ ಅಳತೆಗೋಲಿನಿಂದ ಅಳೆದು 2012ರಲ್ಲಿ ಪ್ರಕಟಿಸಿದ ಅಂಕ 72. ಇತ್ತ ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಸಂಶೋಧಕರು 65 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಹೇಳಿದಂತೆ ಕಿರುಧಾನ್ಯಗಳ ಸರಾಸರಿ 52.7. ಅದೇ ವರ್ಷ ಜೆಂಕಿನ್ಸರೂ ಅವರ ಸಂಗಡಿಗರೂ ಐದು ಖಂಡಗಳ 1,37,851 ಜನರನ್ನು ಗಮನಿಸಿ, ಶೀಘ್ರಗತಿಯ ಊಟ ಉಣ್ಣುವವರಲ್ಲಿ ಹೃದ್ರೋಗವೂ ಮರಣವೂ ಹೆಚ್ಚಾಗಿ ಕಂಡುಬಂದುದನ್ನು ವರದಿಮಾಡಿದರು. ನರೆದಲೆಗನಿಗೆ ಪ್ರಯೋಗಶಾಲೆಯೂ ಜಯಪತ್ರ ಕೊಟ್ಟಿತೆಂದು ನಾವು ಚಪ್ಪಾಳೆ ತಟ್ಟಬಹುದು.

ಆದರೆ ಅಲ್ಲಿಗೇ ನಿಂತರೆ ನಾವು ಹಳೆಯ ತಪ್ಪನ್ನೇ ತಿರುಗುಮುರುಗು ಮಾಡಿದಂತಾಗುತ್ತದೆ; ಒಂದು ಧಾನ್ಯವನ್ನು ಇಳಿಸಿ ಇನ್ನೊಂದನ್ನು ಪೀಠಕ್ಕೆ ಏರಿಸಿದಂತಾಗುತ್ತದೆ. ಸೂಚ್ಯಂಕ ಧಾನ್ಯದ ಹೆಸರಿಗೆ ಅಂಟಿದುದಲ್ಲ. ಇಡಿಯ ನವಣೆಯ ಅನ್ನ ಬೇರೆ, ಅದನ್ನೇ ತೌಡು ತೆಗೆದು ನುಣ್ಣಗೆ ಬೀಸಿ ಗಂಜಿ ಕಾಯಿಸಿದರೆ ಬೇರೆ. ಕಾಳಿನ ಮೇಲಣ ಕವಚ, ಹಿಟ್ಟಿನ ತರಿ, ಬೇಯಿಸಿದ ಕಾಲ, ಜೊತೆಗೆ ಉಂಡ ಬೇಳೆ ಸೊಪ್ಪು, ಇವೆಲ್ಲ ಸೇರಿ ಆ ಅಂಕ ಏರುತ್ತದೆ, ಇಳಿಯುತ್ತದೆ. ಶರ್ಕರಪಿಷ್ಟದ ಗುಣಮಟ್ಟವನ್ನು ಅಭ್ಯಸಿಸುವ ಹಲವು ದೇಶಗಳ ತಜ್ಞರು 2013ರಲ್ಲಿ ಇಟಲಿಯ ಸ್ಟ್ರೇಸಾದಲ್ಲಿ ಕಲೆತಾಗ ಒಪ್ಪಿಕೊಂಡುದೂ ಇದನ್ನೇ: ಸೂಚ್ಯಂಕವನ್ನು ನಾರು ಮತ್ತು ಇಡಿಧಾನ್ಯಗಳ ವಿಚಾರದೊಡನೆ ಸೇರಿಸಿ ನೋಡಬೇಕು. 2025ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದು ಇನ್ನೂ ಕಟುವಾದ ಮಾತನ್ನು ಹೇಳಿತು. ಭಾರತೀಯರ ಊಟದ ಶಕ್ತಿಯಲ್ಲಿ ಶೇಕಡ 62 ಭಾಗ ಶರ್ಕರಪಿಷ್ಟದಿಂದಲೇ ಬರುತ್ತದೆ. ಅದನ್ನು ಕಡಿಮೆ ಮಾಡದೆ, ಅಕ್ಕಿಯ ಬದಲು ಗೋಧಿಯ ಅಥವಾ ಕಿರುಧಾನ್ಯದ ಹಿಟ್ಟನ್ನು ತಂದುಕೊಂಡ ಮಾತ್ರಕ್ಕೆ ಮಧುಮೇಹದ ಅಪಾಯ ಇಳಿದುದು ಕಂಡುಬರಲಿಲ್ಲ. ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದು 2023ರಲ್ಲಿಯೇ ಅಂದಾಜಾಗಿದ್ದಿತು. ಇವರಿಗೆ ಬೇಕಾದುದು ಧಾನ್ಯದ ಹೊಗಳಿಕೆಯಲ್ಲ, ತಟ್ಟೆಯ ಸಮತೋಲ.

ಆ ಸಮತೋಲವನ್ನು ಬೆದ್ದಲು ನೆಲದ ಜನ ಯಾವ ಸೂಚ್ಯಂಕವೂ ಇಲ್ಲದೆ ತಿಳಿದಿದ್ದರು. ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಪುಂಡಿಸೊಪ್ಪು, ಹುಚ್ಚೆಳ್ಳಿನ ಚಟ್ನಿ, ಮಜ್ಜಿಗೆ. ಅದು ಬಡತನದ ಊಟವೂ ಆಗಿದ್ದಿತು ಎಂಬುದನ್ನು ಮರೆಯಬಾರದು. ಎಷ್ಟೋ ಮನೆಗಳಲ್ಲಿ ರೊಟ್ಟಿಯಿದ್ದರೆ ಪಲ್ಯವಿರಲಿಲ್ಲ, ಬರ ಬಿದ್ದರೆ ರೊಟ್ಟಿಯೂ ಇರಲಿಲ್ಲ. ಹೊಲದ ಸಾಲಿನಲ್ಲಿ ಜೋಳದ ನಡುವೆ ತೊಗರಿ, ಹೆಸರು ಬೆಳೆಯುತ್ತಿದ್ದುದರಿಂದಲೇ ತಟ್ಟೆಯಲ್ಲಿಯೂ ಅವು ಕೂಡಿಬಂದುವು. ಆ ಅಕ್ಕಡಿ ಸಾಲು ಹೋಗಿ ಗದ್ದೆ ಬಂದಾಗ ಬದಲಾದುದು ಧಾನ್ಯ ಮಾತ್ರವಲ್ಲ. ಧಾನ್ಯದ ಸಂಗಾತಿಗಳೂ ದೂರವಾದುವು. ಬೇಳೆ ಅಂಗಡಿಯಿಂದ ಕೊಂಡುತರುವ ಪದಾರ್ಥವಾಯಿತು. ಕೊಳ್ಳಲಾಗದವರ ತಟ್ಟೆಯಲ್ಲಿ ಅನ್ನದ ರಾಶಿ ಬೆಳೆಯಿತು, ಸುತ್ತಲಿನ ಗುಳಿಗಳು ಬರಿದಾದುವು.

ಇನ್ನೊಂದು ವಿಡಂಬನೆಯನ್ನೂ ಹೇಳಬೇಕು. 2023ನ್ನು ಅಂತರರಾಷ್ಟ್ರೀಯ ಕಿರುಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಆಚರಿಸಿತು. ಹಿಂದೆ ಕೂಲಿಯವನ ಬುತ್ತಿಯಲ್ಲಿದ್ದುದಕ್ಕಾಗಿ ನಾಚಿಕೆಪಡಬೇಕಾಗಿದ್ದ ನವಣೆ, ಕೊರಲೆಗಳು ಸಿರಿಧಾನ್ಯವೆಂಬ ಹೊಸ ಹೆಸರಿನಿಂದ ನಗರದ ಅಂಗಡಿಗಳಲ್ಲಿ ಅಂದವಾದ ಪೊಟ್ಟಣ ಸೇರಿದುವು. ಸಂಡೂರಿನ ಗಣಿಯಲ್ಲಿ ದುಡಿದವನಿಗೂ ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಾಕಿದವಳಿಗೂ ಪಡಿತರದ ಅಕ್ಕಿ ಸುಲಭ. ಅವರ ಅಜ್ಜಿ ಉಂಡ ಧಾನ್ಯ ದುಬಾರಿ. ಆಗ ಅನ್ನ ಸಿರಿವಂತರದು, ನವಣೆ ಬಡವರದು. ಈಗ ಸಾಲು ತಿರುಗಿದೆ, ಮೇಲುಕೀಳು ಮಾತ್ರ ಹಾಗೆಯೇ ನಿಂತಿದೆ.

ರಾಮಧಾನ್ಯದ ಕಥೆಯಲ್ಲಿ ಸೆರೆಯ ಬಾಗಿಲು ತೆರೆದ ಮೇಲೆ ರಾಗಿಗೆ ರಾಘವನ ಹೆಸರಾದರೂ ದೊರೆಯಿತು. ನಮ್ಮ ಕಾಲದ ಪರೀಕ್ಷೆಯಲ್ಲಿ ಗೆದ್ದ ಧಾನ್ಯಗಳಿಗೆ ಹೆಸರು ಈಗಾಗಲೇ ದೊರೆತಿದೆ. ಅವುಗಳನ್ನು ಸಾವಿರಾರು ವರ್ಷ ಬಿತ್ತಿ, ಬೆಳೆದು, ಕುಟ್ಟಿ, ಬೀಸಿ ಉಳಿಸಿಕೊಂಡು ಬಂದವರ ತಟ್ಟೆಗೆ ಅವು ತಮ್ಮ ಕಾಳು ಸೊಪ್ಪುಗಳ ಸಮೇತ ಮರಳುವ ದಾರಿ ಯಾವುದು? ಅದನ್ನು ಪ್ರಯೋಗಶಾಲೆ ಹೇಳಲಾರದು. ನೀರನ್ನು ಹಂಚುವವರೂ, ಪಡಿತರವನ್ನು ಹಂಚುವವರೂ, ಉಣ್ಣುವ ನಾವೂ ಕೂಡಿ ಹೇಳಬೇಕು.