ಗಾಣದ ಎಣ್ಣೆ, ಕಾಯಿಯೊಳಗಿನ ಕಿಣ್ವ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ತೆಂಗಿನೆಣ್ಣೆ ತೆಗೆಯುವುದು ಬಹುಕಾಲ ಗಾಣಿಗರ ಕುಲಕಸುಬಾಗಿತ್ತು. ಎತ್ತು ಸುತ್ತಿದಂತೆ ಮರದ ಒನಕೆ ತಿರುಗಿ, ಒಣಕೊಬ್ಬರಿ ಅರೆದು ಎಣ್ಣೆ ಇಳಿಯುತ್ತಿತ್ತು. ಹಿಂಡಿ ದನದ ಪಾಲು. ವಿದ್ಯುತ್ ಮಿಲ್ಲು ಬಂದ ಮೇಲೆ ಎತ್ತಿನ ಗಾಣ ಮೂಲೆ ಸೇರಿತು.

ಗಾಣವಾಗಲಿ ಮಿಲ್ಲಾಗಲಿ, ಎಣ್ಣೆಯ ಗುಣ ನಿರ್ಧಾರವಾಗುವುದು ಅದಕ್ಕೂ ಮೊದಲು, ಬಲಿಯುವ ಕಾಯಿಯಲ್ಲಿ. ಅಸಿಟೈಲ್-ಕೋಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಕೊಬ್ಬಿನಾಮ್ಲ ತಯಾರಿಕೆಯ ಮೊದಲ ಹಂತ ನಡೆಸಿ, ಅದರ ವೇಗವನ್ನು ಹತೋಟಿಯಲ್ಲಿಡುತ್ತದೆ. ಬಳಿಕ ಎರಡೆರಡು ಇಂಗಾಲ ಸೇರುತ್ತ ಸರಪಳಿ ಬೆಳೆಯುತ್ತದೆ. ಬಹುತೇಕ ಗಿಡಗಳಲ್ಲಿ 16–18 ಇಂಗಾಲದವರೆಗೆ ಹೋಗುವ ಈ ಸರಪಳಿಯನ್ನು ತೆಂಗಿನಲ್ಲಿ ಥಯೋಎಸ್ಟರೇಸ್ ಕಿಣ್ವ ಹೆಚ್ಚಾಗಿ 12ಕ್ಕೇ ಕಡಿಯುತ್ತದೆ. ಹೀಗೆ ಹುಟ್ಟುವ ಲಾರಿಕ್ ಆಮ್ಲ ಎಣ್ಣೆಯ ಸುಮಾರು ಅರ್ಧದಷ್ಟು. ಹಾಗಾಗಿ ಚಳಿಗಾಲದ ಬೆಳಿಗ್ಗೆ, ಸುಮಾರು 24 ಡಿಗ್ರಿಗಿಂತ ಕೆಳಗೆ, ಬಾಟಲಿಯ ಎಣ್ಣೆ ಹೆಪ್ಪುಗಟ್ಟಿದರೆ ಕಲಬೆರಕೆಯೆಂದು ಅಂಗಡಿಯವನ ಮೇಲೆ ಹರಿಹಾಯಬೇಕಿಲ್ಲ.