ಹಾಡನ್ನು ‘ಕಂಡುಹಿಡಿಯುವವರು’

ಹೊಸ ಹಾಡೊಂದು ಸಿಕ್ಕಿತು ಅಂತ ಹೇಳುವಾಗ ಆ ಹಾಡು ಅಲ್ಲಿಯತನಕ ಎಲ್ಲಿತ್ತು, ಯಾರ ಬಾಯಲ್ಲಿತ್ತು ಎಂದು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ವಾಸ್ಕೋ ಡ ಗಾಮ ಇಂಡಿಯಾಕ್ಕೆ ದಾರಿ ಕಂಡುಹಿಡಿದ ಎಂದು ಓದಿಕೊಂಡು ಬಂದ ನಮಗೆ ‘ಕಂಡುಹಿಡಿ’ ಎಂಬ ಕ್ರಿಯಾಪದ ಒಗ್ಗಿಹೋಗಿದೆ. ಕಂಡುಹಿಡಿಸಿಕೊಂಡವರ ಕಡೆಯಿಂದ ಅದನ್ನು ಓದುವ ಅಭ್ಯಾಸ ಇನ್ನೂ ಬಂದಿಲ್ಲ.

ಕೆಲವು ವರ್ಷಗಳಿಂದ ನಾನು ಅಮೆರಿಕದ ಜನಪದ ಸಂಗೀತದ ಆಲ್ಬಂಗಳನ್ನು ಹಚ್ಚಿಕೊಂಡು ಕೇಳುತ್ತಿದ್ದೇನೆ. ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಗಿಟಾರು, ಬ್ಯಾಂಜೋಗಳ ಮಾತೇಕೆ ಅಂತ ಗೆಳೆಯರು ಕೇಳಬಹುದು. 1972ರಲ್ಲಿ ಮುಂಬಯಿಯ ತರುಣ ಲೇಖಕರು ತಮ್ಮನ್ನು ದಲಿತ ಪ್ಯಾಂಥರ್ ಎಂದು ಕರೆದುಕೊಂಡಾಗಲೇ ಇದಕ್ಕೆ ಅರ್ಧ ಉತ್ತರ ಸಿಕ್ಕಿದೆ. ಆದರೆ ಕಪ್ಪು ಜನರ ರಾಜಕಾರಣವನ್ನು ಓದಿಕೊಂಡಷ್ಟು ಅವರ ಹಾಡಿನ ವ್ಯಾಪಾರದ ಚರಿತ್ರೆಯನ್ನು ನಾವು ಓದಿಕೊಂಡಿಲ್ಲ.

1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ‘ಕ್ರೇಜಿ ಬ್ಲೂಸ್’ ತಟ್ಟೆಯನ್ನು ಓಕೆ ಕಂಪನಿ ಹೊರತಂದಿತು. ಅದು ಭಾರಿ ಮಾರಾಟವಾದದ್ದೇ ತಡ, ಕಪ್ಪು ಜನರೂ ಗಿರಾಕಿಗಳು ಎಂಬ ಜ್ಞಾನೋದಯ ಕಂಪನಿಗಳಿಗೆ ಆಯಿತು. ಅವರಿಗಾಗಿ ‘ರೇಸ್ ರೆಕಾರ್ಡ್’ ಎಂಬ ಬೇರೆ ಪಟ್ಟಿ. ದಕ್ಷಿಣದ ಬಿಳಿಯ ರೈತಾಪಿಗಳಿಗಾಗಿ ‘ಹಿಲ್‌ಬಿಲ್ಲಿ’ ಎಂಬ ಇನ್ನೊಂದು ಪಟ್ಟಿ. ಒಂದೇ ಸೀಮೆಯಲ್ಲಿ ಬೆಳೆದ, ಎಷ್ಟೋ ಸಲ ಒಂದೇ ಮಟ್ಟಿನ ಹಾಡುಗಳು ಕ್ಯಾಟಲಾಗಿನಲ್ಲಿ ಎರಡು ಕೇರಿಗಳಾದವು. ಹಾಡು ಮಾತ್ರ ಬೇಲಿ ದಾಟಿ ಓಡಾಡುತ್ತಲೇ ಇತ್ತು. ಬಿಳಿಯರ ಗ್ರಾಮೀಣ ಸಂಗೀತಕ್ಕೆ ತಳಪಾಯ ಎನ್ನಿಸಿಕೊಂಡ ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಊರೂರು ತಿರುಗುವಾಗ ಜೊತೆಗಿದ್ದವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರುವಾದಕ. ಕಾರ್ಟರ್ ಪದ ಬರೆದುಕೊಳ್ಳುತ್ತಿದ್ದ, ರಿಡಲ್ ಮಟ್ಟನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದ. ಹಕ್ಕುಪತ್ರದಲ್ಲಿ ಕಾರ್ಟರ್ ಹೆಸರು ಉಳಿಯಿತು. ಬರೆದದ್ದು ದಾಖಲೆ, ನೆನಪಿಟ್ಟದ್ದು ಬರೀ ಸಹಾಯ. ಅಕ್ಷರಕ್ಕೂ ಒಡೆತನಕ್ಕೂ ಇರುವ ಈ ನಂಟು ನಮಗೇನು ಹೊಸದಲ್ಲ.

1952ರಲ್ಲಿ ಹ್ಯಾರಿ ಸ್ಮಿತ್ ಎಂಬಾತ ಹಳೆಯ ತಟ್ಟೆಗಳಿಂದ 84 ಹಾಡು ಆರಿಸಿ ಫೋಕ್‌ವೇಸ್ ಕಂಪನಿಯಿಂದ ಒಂದು ಸಂಕಲನ ತಂದ. ಹಾಡಿದವರ ಬಣ್ಣವನ್ನು ಬೇಕೆಂತಲೇ ನಮೂದಿಸಲಿಲ್ಲ. ಮಿಸಿಸಿಪಿ ಜಾನ್ ಹರ್ಟ್ ಕಪ್ಪು ಮನುಷ್ಯ ಎಂದು ಎಷ್ಟೋ ಕೇಳುಗರಿಗೆ ಬಹಳ ಕಾಲ ಗೊತ್ತೇ ಆಗಲಿಲ್ಲ. ಈ ಸಂಕಲನ ನನಗೆ ಬಹಳ ಪ್ರಿಯ. ಆದರೂ ಒಂದು ತಕರಾರಿದೆ. ಗುರುತು ಅಳಿಸಿದರೆ ಕಿವಿ ನಿಷ್ಪಕ್ಷಪಾತಿಯಾಗುತ್ತದೆ, ನಿಜ. ಹಾಡಿದವನ ಹೊಟ್ಟೆ ತುಂಬುತ್ತದೆಯೆ? 1928ರಲ್ಲಿ ಓಕೆ ಕಂಪನಿಗೆ ಹಾಡಿದ ಹರ್ಟ್, ಸಂಕಲನ ಬಂದ ಮೇಲೂ ಆವಲಾನ್ ಎಂಬ ಹಳ್ಳಿಯಲ್ಲಿ ಕೂಲಿಗೇಯುತ್ತಿದ್ದ. 1963ರಲ್ಲಿ ಅಭಿಮಾನಿಯೊಬ್ಬ ಆತನದೇ ಹಳೆಯ ಹಾಡಿನಲ್ಲಿ ಬರುವ ಊರಿನ ಹೆಸರು ಹಿಡಿದುಕೊಂಡು ಅಲ್ಲಿಗೆ ಹೋದ. ಇದನ್ನು ಸಂಗೀತ ಚರಿತ್ರೆಕಾರರು ‘ಪುನರ್‌ಶೋಧ’ ಎನ್ನುತ್ತಾರೆ. ಹರ್ಟ್ ಎಲ್ಲೂ ಕಳೆದುಹೋಗಿರಲಿಲ್ಲ. ತನ್ನ ವಿಳಾಸವನ್ನು ಹಾಡಿನಲ್ಲೇ ಕೊಟ್ಟು ಮೂವತ್ತೈದು ವರ್ಷ ಕಾದಿದ್ದ. ಆಮೇಲೆ ದಕ್ಕಿದ್ದು ಮೂರು ವರ್ಷ, 1966ರಲ್ಲಿ ತೀರಿಕೊಂಡ.

ಎಲಿಜಬೆತ್ ಕಾಟನ್‌ಳ ಕಥೆ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಉತ್ತರ ಕೆರೊಲಿನಾದ ಈ ಹುಡುಗಿ ತಿಂಗಳಿಗೆ ಮುಕ್ಕಾಲು ಡಾಲರಿಗೆ ಬಿಳಿಯರ ಮನೆಗೆಲಸ ಮಾಡಿ ಗಿಟಾರು ಕೊಂಡಳು. ಎಡಗೈಯವಳು. ವಾದ್ಯವನ್ನು ತಲೆಕೆಳಗು ಮಾಡಿಕೊಂಡಳು. ಬೆರಳಿನಲ್ಲಿ ತಗ್ಗಿನ ತಂತಿ, ಹೆಬ್ಬೆರಳಿನಲ್ಲಿ ರಾಗ. ಕಲಿಸುವವರಿರಲಿಲ್ಲ, ಹಾಗಾಗಿ ತಪ್ಪು ಅಂತ ಹೇಳುವವರೂ ಇರಲಿಲ್ಲ. ‘ಫ್ರೈಟ್ ಟ್ರೇನ್’ ಹಾಡು ಕಟ್ಟಿದಾಗ ಹನ್ನೊಂದೋ ಹನ್ನೆರಡೋ ವರ್ಷ. ಮುಂದೆ ಚರ್ಚಿನವರು ಇದು ಸೈತಾನನ ಸಂಗೀತ ಎಂದದ್ದಕ್ಕೆ ಗಿಟಾರು ಬಿಟ್ಟಳು. ದಶಕಗಳ ನಂತರ ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ತಪ್ಪಿಸಿಕೊಂಡ ಮಗುವನ್ನು ತಾಯಿಗೆ ಒಪ್ಪಿಸಿದಳು. ಆ ಮಗು ಪೆಗ್ಗಿ ಸೀಗರ್. ಹೀಗೆ ಜನಪದ ಸಂಗೀತದ ಪ್ರಸಿದ್ಧ ಸೀಗರ್ ಮನೆಗೆ ಆಕೆ ಕೆಲಸದವಳಾಗಿ ಹೋದಳು. ಆ ಮನೆಯವರು ಹಾಡು ಸಂಗ್ರಹಿಸುವವರು, ಪ್ರಗತಿಪರರು. ಆದರೂ ತಮ್ಮದೇ ಅಡುಗೆಮನೆಯಲ್ಲಿ ಒಂದು ಹಾಡಿನ ಕಣಜವಿದೆ ಎಂದು ಅವರಿಗೆ ತಿಳಿದದ್ದು ಆಕೆ ಗೋಡೆಯ ಮೇಲಿದ್ದ ಗಿಟಾರನ್ನು ತಾನಾಗಿ ಕೈಗೆತ್ತಿಕೊಂಡಾಗ. ಒಳ್ಳೆಯವರ ಮನೆಯಲ್ಲೂ ಅಡುಗೆಮನೆ ಮತ್ತು ಪಡಸಾಲೆಯ ನಡುವೆ ಎಷ್ಟು ದೂರ ನೋಡಿ.

ಪೆಗ್ಗಿ ಆ ಹಾಡನ್ನು ಇಂಗ್ಲೆಂಡಿನಲ್ಲಿ ಹಾಡಿದಳು. ಅಲ್ಲಿ ಕೇಳಿದವರು ತಮ್ಮ ಹೆಸರಿಗೆ ಹಕ್ಕು ಬರೆಸಿಕೊಂಡರು. 1957ರಲ್ಲಿ ಒಂದು ತಂಡ ಹಾಡಿ ಅದು ಜನಪ್ರಿಯವೂ ಆಯಿತು. ಸೀಗರ್ ಕುಟುಂಬ ಮಧ್ಯೆ ಬಂದ ಮೇಲೆ ಹಕ್ಕಿನಲ್ಲಿ ಕಾಟನ್‌ಗೆ ಪಾಲು ಸಿಕ್ಕಿತು. ಕಟ್ಟಿದವಳಿಗೆ ಪಾಲು! 1958ರಲ್ಲಿ ಮೈಕ್ ಸೀಗರ್ ಧ್ವನಿಮುದ್ರಿಸಿ ಫೋಕ್‌ವೇಸ್ ತಂದ ಆಕೆಯ ಮೊದಲ ಆಲ್ಬಂ ಇವತ್ತಿಗೂ ನನ್ನ ಅಚ್ಚುಮೆಚ್ಚು. ಆಗ ಆಕೆಗೆ ಅರವತ್ತು ದಾಟಿತ್ತು.

ರಾಕ್ ಸಂಗೀತಕ್ಕೂ ಈ ಸಾಲವಿದೆ. 1993ರಲ್ಲಿ ನಿರ್ವಾಣ ತಂಡದ ಕರ್ಟ್ ಕೊಬೇನ್, ಲೆಡ್ ಬೆಲ್ಲಿ ಹಾಡುತ್ತಿದ್ದ ಹಾಡೊಂದನ್ನು ಎಂಟಿವಿಯಲ್ಲಿ ಆತನ ಹೆಸರು ಹೇಳಿಯೇ ಹಾಡಿದ. ಆ ಲೆಡ್ ಬೆಲ್ಲಿಯನ್ನು 1933ರಲ್ಲಿ ಜಾನ್ ಲೊಮ್ಯಾಕ್ಸ್ ‘ಕಂಡುಹಿಡಿದದ್ದು’ ಲೂಸಿಯಾನಾದ ಸೆರೆಮನೆಯಲ್ಲಿ. 1935ರ ಸುದ್ದಿಚಿತ್ರದಲ್ಲಿ ಆತನಿಗೆ ಮತ್ತೆ ಖೈದಿಯ ಪಾತ್ರ.

ನನ್ನ ತೀರಾ ಈಚಿನ ಗೀಳು ಕೆರೊಲಿನಾ ಚಾಕೊಲೆಟ್ ಡ್ರಾಪ್ಸ್ ಎಂಬ ಕಪ್ಪು ತರುಣ ತರುಣಿಯರ ತಂಡ ತಂದ 2010ರ ಆಲ್ಬಂ. ಬ್ಯಾಂಜೋ ಆಫ್ರಿಕಾದಿಂದ ಗುಲಾಮರ ಜೊತೆ ಬಂದ ವಾದ್ಯ. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು ಅದನ್ನು ಅಣಕದ ಸಾಧನ ಮಾಡಿದ ಮೇಲೆ ಕಪ್ಪು ಜನ ಬಹುಮಟ್ಟಿಗೆ ಕೈಬಿಟ್ಟರು. ಈ ತಂಡದವರು ಜೋ ಥಾಂಪ್ಸನ್ ಎಂಬ ವೃದ್ಧ ಪಿಟೀಲುಗಾರನ ಮನೆಗೆ ಹೋಗಿ ಕಲಿತು ಅದನ್ನು ವಾಪಸು ಪಡೆದರು.

ಇಲ್ಲಿಯೇ ತಮಟೆ ನೆನಪಾಗುವುದು. ಸಾವಿಗೆ, ಜಾತ್ರೆಗೆ ಬಿಟ್ಟಿ ಬಾರಿಸಬೇಕಾದ ಅವಮಾನದ ವಾದ್ಯ; ಅದನ್ನು ಎಸೆಯಿರಿ ಎಂದವರು ನಮ್ಮಲ್ಲಿದ್ದಾರೆ, ಮೆರವಣಿಗೆಗೆ ತಂದವರೂ ಇದ್ದಾರೆ. 2023ರಲ್ಲಿ ಚಿಕ್ಕಬಳ್ಳಾಪುರ ಸೀಮೆಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಎಸೆಯಿರಿ ಎಂದವರ ಸಿಟ್ಟನ್ನು ಪ್ರಶಸ್ತಿ ಸುಳ್ಳು ಮಾಡುವುದಿಲ್ಲ. ಬಾರಿಸು ಅಂತ ಊರು ಹೇಳುವುದಕ್ಕೂ ಬಾರಿಸುತ್ತೇನೆ ಅಂತ ತಾನೇ ಹೇಳುವುದಕ್ಕೂ ವ್ಯತ್ಯಾಸವಿದೆ, ಅಷ್ಟೆ.

2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಕಛೇರಿ ಕೊಟ್ಟ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ಈ ವ್ಯತ್ಯಾಸವನ್ನು ವೇದಿಕೆಗೆ ತಂದಿತು. ಪರೈ, ಸಾವಿನ ಮನೆಯ ಗಾನಾ ಹಾಡು, ರಾಕ್ ಗಿಟಾರು ಒಟ್ಟಿಗೆ. ಹೆಸರಿನ ಮೂಲ ಅಯೋತಿ ದಾಸ ಪಂಡಿತರ ‘ಜಾತಿಯಿಲ್ಲದ ತಮಿಳರು’ ಎಂಬ ಮಾತು. ಆ ಪಂಡಿತರ ಬೌದ್ಧ ಸಂಘಕ್ಕೆ ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಶಾಖೆಯಿತ್ತು. ಇದೇ ತಂಡದ ಅರಿವು, ಸಿಂಹಳದ ಟೀ ತೋಟದಿಂದ ಮರಳಿದ ಅಜ್ಜಿಯ ನೆನಪಿನಿಂದ ಬರೆದ ‘ಎಂಜಾಯಿ ಎಂಜಾಮಿ’ 2021ರಲ್ಲಿ ಲೋಕಪ್ರಸಿದ್ಧವಾಯಿತು. ಆ ವರ್ಷ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಜೊತೆಗೆ ಹಾಡಿದ ಧೀ ಇದ್ದರು, ಅರಿವು ಇರಲಿಲ್ಲ. 2022ರ ಚೆಸ್ ಒಲಿಂಪಿಯಾಡ್ ವೇದಿಕೆಯಲ್ಲೂ ಇರಲಿಲ್ಲ. ಬರೆದವನು, ಮಟ್ಟು ಕಟ್ಟಿದವನು, ಹಾಡಿದವನು ನಾನು ಎಂದು ಅವರು ಬಹಿರಂಗವಾಗಿ ಹೇಳಬೇಕಾಯಿತು. ಸಂಗೀತ ನಿರ್ದೇಶಕರು ಬೇರೆ ವಿವರ ಕೊಟ್ಟರು. ವಿವರಗಳ ತಕ್ಕಡಿ ಹಿಡಿಯುವುದು ನನ್ನ ಕೆಲಸವಲ್ಲ. ‘ನಾನೇ’ ಎಂದು ಯಾರು ಹೇಳಬೇಕಾಗಿ ಬರುತ್ತದೆ, ಯಾರಿಗೆ ಆ ಪಾಡು ಬರುವುದೇ ಇಲ್ಲ ಎಂಬುದನ್ನಷ್ಟೇ ಗಮನಿಸುತ್ತೇನೆ.

ನಮ್ಮ ಕ್ಯಾಸೆಟ್ಟುಗಳ ಹೊದಿಕೆ ನೋಡಿ. ‘ಸಾಹಿತ್ಯ: ಜನಪದ’ ಅಂತಿರುತ್ತದೆ, ಕೆಳಗೆ ಸಂಗೀತ ಸಂಯೋಜಕರ ಹೆಸರು, ಪಟ್ಟಣದ ಗಾಯಕರ ಹೆಸರು. ಹಾಡು ಕೊಟ್ಟ ಹೆಣ್ಣುಮಗಳು ‘ಜನಪದ’ದೊಳಗೆ ಕರಗಿಹೋಗಿರುತ್ತಾಳೆ. ಹಾಗಂತ ಎಲ್ಲಕ್ಕೂ ಹೆಸರು ಅಂಟಿಸಿದರೆ ನ್ಯಾಯವಾಯಿತು ಎನ್ನಲೂ ಮನಸ್ಸಾಗುವುದಿಲ್ಲ. 1975ರ ‘ಹೊಲೆಮಾದಿಗರ ಹಾಡು’ ಸಂಕಲನದ ಸಿದ್ಧಲಿಂಗಯ್ಯನವರು ಬರೆದ ಹಾಡುಗಳನ್ನು ಕವಿಯ ಹೆಸರು ತಿಳಿಯದೆಯೇ ಹಾಡಿಕೊಂಡವರಿದ್ದಾರೆ. ಆ ಅನಾಮಿಕತೆ ಹೋರಾಟದ ಜನರೇ ಹಾಡಿಗೆ ಕೊಟ್ಟದ್ದು. ಕ್ಯಾಸೆಟ್ಟಿನ ಅನಾಮಿಕತೆ ಕಂಪನಿ ಕೊಟ್ಟದ್ದು, ಗೌರವಧನ ಉಳಿಯಿತಲ್ಲ.