ಇಪ್ಪತ್ತು ಟನ್ ಸಾಮಾನು, ನಾನೂರು ಪೌಂಡ್ ರೊಕ್ಕ

ಮುಂಬೈಯ ಯಾವ ಹೌಸಿಂಗ್ ಸೊಸೈಟಿಗಾದರೂ ಹೋಗಿ ನೋಡಿ, ಎರಡು ಮನೆ ಬಿಟ್ಟು ಮೂರನೇ ಮನೆಯ ಲಾಫ್ಟಿನಲ್ಲಿ ಒಂದು ಟೆಂಟು ಮಲಗಿರುತ್ತದೆ. ಪಕ್ಕದಲ್ಲಿ ಒಂದು ಸ್ಲೀಪಿಂಗ್ ಬ್ಯಾಗು, ಸೆಲ್ ಸೋರಿ ಹಾಳಾದ ಹೆಡ್‌ಲ್ಯಾಂಪು, ಒಂದೇ ಸಲ ಹಚ್ಚಿದ ಪುಟ್ಟ ಗ್ಯಾಸ್ ಒಲೆ. ಮಳೆಗಾಲ ಬಂತೆಂದರೆ ನಮ್ಮ ಹುಡುಗರಿಗೆ ಸಹ್ಯಾದ್ರಿಯ ಹುಚ್ಚು ಹಿಡಿಯುತ್ತದೆ. ರಾಜಮಾಚಿ, ಹರಿಶ್ಚಂದ್ರಗಡ ಅಂತ ಹೊರಡುತ್ತಾರೆ. ಹೊರಡುವ ಮೊದಲು ಅಂಗಡಿಗೆ ಹೋಗಿ ಕೈತುಂಬ ಖರೀದಿ. ಗಡ ಹತ್ತಿ ಬಂದ ಮೇಲೆ ಕೇಳಿದರೆ, ನಿಜವಾಗಿ ಉಪಯೋಗಕ್ಕೆ ಬಂದದ್ದು ಎರಡು ಬಾಟಲಿ ನೀರು, ಒಂದು ಪ್ಲಾಸ್ಟಿಕ್ ಹಾಳೆ ಮತ್ತು ಗಡದ ಬುಡದ ಹಳ್ಳಿಯ ಮನೆಯೊಂದರಲ್ಲಿ ಸಿಕ್ಕ ಬಿಸಿ ಪಿಠ್ಲಾ-ಭಾಕರಿ!

ಈ ಖರೀದಿಗಳಿಗೆಲ್ಲ ಮುತ್ತಜ್ಜನಂಥ ಖರೀದಿಯೊಂದು ಇತಿಹಾಸದಲ್ಲಿ ಇದೆ. ಅದು ನಡೆದದ್ದು 1860ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ. ನಾನು ಓದಿದ್ದು ಬಿ.ಕಾಂ., ಹೊಟ್ಟೆಪಾಡು ಬ್ಯಾಂಕಿನಲ್ಲಿ. ಹಾಗಾಗಿ ಇತಿಹಾಸ ಓದುವಾಗಲೂ ಕಣ್ಣು ಹೋಗುವುದು ಜಮಾ-ಖರ್ಚಿನ ಕಡೆಗೇ. ಬರ್ಕ್ ಮತ್ತು ವಿಲ್ಸ್ ಎಂಬಿಬ್ಬರ ದುರಂತ ಯಾತ್ರೆಯ ಬಗ್ಗೆ ಆ ದೇಶದವರು ಧೈರ್ಯ, ತ್ಯಾಗ, ದುರದೃಷ್ಟ ಅಂತೆಲ್ಲ ಬರೆದಿದ್ದಾರೆ. ನನಗೆ ಮಾತ್ರ ಅದು ನಮ್ಮ ಸಾಲದ ಫೈಲುಗಳಲ್ಲಿ ಆಗಾಗ ಕಾಣುವ ಒಂದು ಹಳೆಯ ಕಾಯಿಲೆಯ ಕಥೆ ಅನ್ನಿಸುತ್ತದೆ.

ಆಗ ವಿಕ್ಟೋರಿಯಾ ಪ್ರಾಂತದವರ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. 1851ರಲ್ಲಿ ಅಲ್ಲಿ ಚಿನ್ನ ಸಿಕ್ಕಿತ್ತು. ಆದರೆ ತಾವಿರುವ ಖಂಡದ ಹೊಟ್ಟೆಯೊಳಗೆ ಏನಿದೆ ಎಂಬುದೇ ಅಲ್ಲಿಗೆ ಬಂದು ನೆಲೆಸಿದ ಬಿಳಿಯರಿಗೆ ಗೊತ್ತಿರಲಿಲ್ಲ. ಪಕ್ಕದ ದಕ್ಷಿಣ ಆಸ್ಟ್ರೇಲಿಯಾದಿಂದ ಜಾನ್ ಮೆಕ್‌ಡೂವಲ್ ಸ್ಟುವರ್ಟ್ ಎಂಬಾತ ಅದೇ ಹೊತ್ತಿಗೆ ಒಳನಾಡಿನತ್ತ ಹೊರಟಿದ್ದ. ಅವನಿಗಿಂತ ಮೊದಲು ನಾವು ದಕ್ಷಿಣದಿಂದ ಉತ್ತರದ ಸಮುದ್ರ ಮುಟ್ಟಬೇಕು ಎಂಬುದು ಮೆಲ್ಬರ್ನಿನವರ ಹಟ. ಅಲ್ಲಿನ ರಾಯಲ್ ಸೊಸೈಟಿ ಒಂದು ಸಮಿತಿ ಮಾಡಿತು. ವರ್ತಕನೊಬ್ಬ ತನ್ನ ಹೆಸರು ಹೇಳದೆ, ಸಾರ್ವಜನಿಕರು 2,000 ಪೌಂಡ್ ಕೂಡಿಸಿದರೆ ನಾನು 1,000 ಕೊಡುತ್ತೇನೆ ಎಂದ. (ನಮ್ಮ ಮಾರ್ಜಿನ್ ಮನಿ ಲೆಕ್ಕವೇ ಸರಿ!) ಸರಕಾರ 6,000 ಪೌಂಡ್ ಮಂಜೂರು ಮಾಡಿತು. ಒಂಟೆ ತರಿಸಲು ಮತ್ತೆ ಬೇರೆ ಹಣ.

ಒಂಟೆಗಳು ಬಂದದ್ದು ನಮ್ಮ ಕಡೆಯಿಂದಲೇ. ಆಸ್ಟ್ರೇಲಿಯಾದ ಕುದುರೆಗಳನ್ನು ಹಿಂದೂಸ್ಥಾನಕ್ಕೆ ತಂದು ಮಾರುತ್ತಿದ್ದ ಜಾರ್ಜ್ ಲ್ಯಾಂಡೆಲ್ಸ್ ಎಂಬ ವ್ಯಾಪಾರಿ ವಾಯವ್ಯ ಪ್ರಾಂತಗಳಲ್ಲಿ ಒಂಟೆ ಕೂಡಿಸಿ, ಕರಾಚಿಯಿಂದ ಹಡಗು ಹತ್ತಿಸಿದ. 1860ರ ಜೂನ್‌ನಲ್ಲಿ 24 ಒಂಟೆಗಳು ತಮ್ಮ ಕಾವಲಿನವರ ಜೊತೆ ಮೆಲ್ಬರ್ನಿನಲ್ಲಿ ಇಳಿದವು. ಇನ್ನೂ ಆರನ್ನು ಊರಿನ ಉದ್ಯಾನವೊಂದರ ಪ್ರಾಣಿ ಪ್ರದರ್ಶನದಿಂದ ಕೊಂಡರು.

ಇನ್ನು ಖರೀದಿ ಪಟ್ಟಿ ಕೇಳಿ. ಓಕ್ ಮರದ ಮೇಜು, ಅದಕ್ಕೆ ಸೀಡರ್ ಮರದ ಹಲಗೆ, ಜೊತೆಗೆ ಎರಡು ಕುರ್ಚಿ. ಸಂಕೇತ ಕೊಡಲು ರಾಕೆಟ್ಟು, ಬಾವುಟ, ಒಂದು ಚೀನೀ ಜಾಗಟೆ. ಚಕ್ರ ಕಳಚಿದರೆ ದೋಣಿಯಾಗುವ ಒಂದು ಬಂಡಿ. ನದಿ ದಾಟುವಾಗ ಒಂಟೆ ಮುಳುಗದಿರಲೆಂದು ಕಟ್ಟುವ ಗಾಳಿ ಚೀಲ. ಒಂಟೆಗಳಿಗೆ ಸ್ಕರ್ವಿ ರೋಗ ಬಾರದಿರಲೆಂದು 60 ಗ್ಯಾಲನ್ ರಮ್! ಇದು ಲ್ಯಾಂಡೆಲ್ಸನ ಶಾಸ್ತ್ರ. ಎರಡು ವರ್ಷಕ್ಕಾಗುವಷ್ಟು ಆಹಾರ. ಎಲ್ಲ ಸೇರಿ ಸುಮಾರು 20 ಟನ್ ತೂಕ. ಇದನ್ನೆಲ್ಲ ಹಡಗಿನಲ್ಲಿ ಅಡಿಲೇಡಿಗೆ ಕಳಿಸಿ, ಅಲ್ಲಿಂದ ನದಿಯ ಮೂಲಕ ಅರ್ಧ ದಾರಿಯವರೆಗೆ ಮುಟ್ಟಿಸುತ್ತೇನೆ ಎಂದು ಸಮಿತಿಯಲ್ಲೇ ಇದ್ದ ಕ್ಯಾಪ್ಟನ್ ಕ್ಯಾಡೆಲ್ ಮುಂದೆ ಬಂದಿದ್ದ. ತಂಡದ ನಾಯಕ ರಾಬರ್ಟ್ ಓಹಾರಾ ಬರ್ಕ್ ಒಲ್ಲೆ ಅಂದ. ಬರ್ಕ್ ಐರ್ಲೆಂಡಿನವನು, ಪೊಲೀಸ್ ಅಧಿಕಾರಿ, ಮರಳುಗಾಡು ಸುತ್ತಿದ ಅನುಭವವಿಲ್ಲ. ಅವನನ್ನು ನಾಯಕನನ್ನಾಗಿ ಮಾಡುವುದಕ್ಕೆ ಕ್ಯಾಡೆಲ್ ವಿರೋಧ ಮಾಡಿದ್ದ. ಮುಂದೆ ಹೇಳಬೇಕಾಗಿಲ್ಲ, ನಮ್ಮ ಆಫೀಸುಗಳಲ್ಲೂ ಹೀಗೆಯೇ ಅಲ್ಲವೇ?

1860ರ ಆಗಸ್ಟ್ 20ರಂದು ತಂಡ ಹೊರಟಿತು. 19 ಜನ, 26 ಒಂಟೆ, 23 ಕುದುರೆ, 6 ಬಂಡಿ. ನೋಡಲು ಸುಮಾರು 15 ಸಾವಿರ ಜನ ಜಾತ್ರೆಯಂತೆ ಸೇರಿದ್ದರು. ಹೊರಟ ಮೈದಾನದಲ್ಲೇ ಒಂದು ಬಂಡಿ ಮುರಿಯಿತು. ಮಧ್ಯರಾತ್ರಿಯ ಹೊತ್ತಿಗೆ ಊರಂಚಿನ ಎಸೆಂಡನ್ ಮುಟ್ಟಿದಾಗ ಇನ್ನೆರಡು ಮುರಿದವು. ಮೇಲೆ ಮಳೆ, ಕೆಳಗೆ ಕೆಸರು. ಮೆಲ್ಬರ್ನಿನಿಂದ ಮೆನಿಂಡಿ ಎಂಬ ಊರು ಸುಮಾರು 750 ಕಿಲೋಮೀಟರ್. ಟಪಾಲು ಗಾಡಿ ಒಂದು ವಾರದ ಮೇಲೆ ಸ್ವಲ್ಪದರಲ್ಲೇ ಮುಟ್ಟುತ್ತಿತ್ತು. ಈ ಮೆರವಣಿಗೆಗೆ ಹಿಡಿದದ್ದು ಹತ್ತಿರ ಹತ್ತಿರ ಎರಡು ತಿಂಗಳು.

ದಾರಿಯಲ್ಲಿ ಭಾರ ಇಳಿಸುವ ಕೆಲಸ ಶುರುವಾಯಿತು. ಖರೀದಿ ಮಾಡಿದವನಿಗೆ ಪಶ್ಚಾತ್ತಾಪ ಬಂದಾಗ ಅವನು ವಿವೇಕದಿಂದ ಎಸೆಯುವುದಿಲ್ಲ, ಸಿಟ್ಟಿನಿಂದ ಎಸೆಯುತ್ತಾನೆ. ಬಾಲ್ರನಾಲ್ಡ್ ಎಂಬಲ್ಲಿ ಬಿಟ್ಟುಹೋದ ಸಾಮಾನಿನಲ್ಲಿ ಸಕ್ಕರೆ, ಕೆಲವು ಬಂದೂಕು, ಮದ್ದುಗುಂಡು, ಜೊತೆಗೆ ನಿಂಬೆ ರಸವೂ ಇತ್ತು. ಮನುಷ್ಯರಿಗೆ ಸ್ಕರ್ವಿ ಬಾರದಂತೆ ತಡೆಯಲು ತಂದಿದ್ದ ನಿಂಬೆ ರಸ! ಒಂಟೆಗಳ ರಮ್ ಮಾತ್ರ ಇನ್ನೂ ಮುಂದಕ್ಕೆ ಬಂತು. ಕೊನೆಗೆ ಕುರಿ ಉಣ್ಣೆ ಕತ್ತರಿಸುವವರು ಅದನ್ನು ಕದ್ದು ಕುಡಿದು ಗಲಾಟೆಯಾಗಿ, ಬರ್ಕ್ ಅದನ್ನೂ ಬಿಡಿಸಿದ. ಆ ಜಗಳದಲ್ಲಿ ಲ್ಯಾಂಡೆಲ್ಸ್ ರಾಜೀನಾಮೆ ಕೊಟ್ಟು ಹೋದ. ಡಾಕ್ಟರೂ ರಾಜೀನಾಮೆ ಕೊಟ್ಟ. ಸರ್ವೆಯರ್ ವಿಲಿಯಂ ಜಾನ್ ವಿಲ್ಸ್, 26ರ ಹುಡುಗ, ಉಪನಾಯಕನಾದ.

ಒಂಟೆಗಳ ಜೊತೆ ಬಂದಿದ್ದ ನಮ್ಮವರ ಪೈಕಿ ಸಾಮ್ಲಾ ಎಂಬ ಹಿಂದೂ ಇದ್ದ. ತಂಡದ ಊಟವೆಂದರೆ ಉಪ್ಪು ಹಾಕಿಟ್ಟ ದನದ ಮಾಂಸ. ತಿನ್ನಲಾರದೆ ಹೊರಟ ಕೆಲವೇ ದಿನಗಳಲ್ಲಿ ಬಿಡುಗಡೆ ಕೇಳಿ ಹಿಂತಿರುಗಿದ. ಎರಡು ವರ್ಷದ ಆಹಾರ ಕೊಂಡ ಸಮಿತಿ, ತಾನೇ ಕರೆಸಿಕೊಂಡ ಆಳು ಏನು ಉಣ್ಣುತ್ತಾನೆ ಎಂದು ಯೋಚಿಸಿರಲಿಲ್ಲ. ಊರು ಬಿಟ್ಟು ಬಂದು ಪರಊರಿನ ಮೆಸ್ಸಿನ ತಟ್ಟೆಯ ಮುಂದೆ ಕೂತವರಿಗೆ ಸಾಮ್ಲಾನ ಸಂಕಟ ಹೇಳಿಕೊಡಬೇಕಾಗಿಲ್ಲ.

ಈಗ ಲೆಕ್ಕದ ಮುಖ್ಯ ಭಾಗಕ್ಕೆ ಬರೋಣ. ಮೆನಿಂಡಿಯಲ್ಲಿ ಬರ್ಕ್ ತಂಡವನ್ನು ಒಡೆದ. ಸ್ಟುವರ್ಟ್ ಮುಂದೆ ಹೋಗಿಬಿಟ್ಟಾನು ಎಂಬ ಅವಸರ. ಕೆಲವರನ್ನು ಕರೆದುಕೊಂಡು ಅಕ್ಟೋಬರ್ 19ರಂದು ಮುಂದೆ ನಡೆದ. ಉಳಿದ ಸಾಮಾನನ್ನು ಕೂಪರ್ ಕ್ರೀಕ್ ಎಂಬ ಹಳ್ಳದ ದಂಡೆಗೆ ಹಿಂದಿನಿಂದ ತರಬೇಕಾದವನು ವಿಲಿಯಂ ರೈಟ್. ಆದರೆ ಹೊರಲು ಪ್ರಾಣಿಗಳು ಸಾಲವು, ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಮೇಜು, ಜಾಗಟೆ, ದೋಣಿ-ಬಂಡಿ ಎಲ್ಲಕ್ಕೂ ಹಣವಿತ್ತು, ನಾಲ್ಕು ಕುದುರೆಗೆ ಹಣವಿಲ್ಲ! ಕೊನೆಗೆ ಹಾಜ್‌ಕಿನ್ಸನ್ ಎಂಬವನನ್ನು ಮೆಲ್ಬರ್ನಿಗೆ ಓಡಿಸಿದರು. ಅವನು 1861ರ ಜನವರಿ 9ರಂದು 400 ಪೌಂಡ್ ಹಿಡಿದುಕೊಂಡು ಬಂದ. ರೈಟ್ ಹೊರಟದ್ದು ಜನವರಿ 26ಕ್ಕೆ. ಬರ್ಕ್ ಮುಂದೆ ಹೋಗಿ ಆಗಲೇ ಮೂರು ತಿಂಗಳಾಗಿತ್ತು.

ಬ್ಯಾಂಕಿನವರಿಗೆ ಈ ಕಾಯಿಲೆಯ ಹೆಸರು ಗೊತ್ತು. ಹೊಸ ಕಾರಖಾನೆ ಹಾಕುವವನು ಇದ್ದಬದ್ದ ಹಣವನ್ನೆಲ್ಲ ಶೆಡ್ಡು, ಯಂತ್ರ, ಮುಂಬಾಗಿಲಿನ ಬೋರ್ಡಿಗೆ ಸುರಿಯುತ್ತಾನೆ. ಉದ್ಘಾಟನೆಗೆ ಊರೆಲ್ಲ ಸೇರುತ್ತದೆ. ಮೂರನೇ ತಿಂಗಳು ಕಚ್ಚಾ ಮಾಲಿಗೆ, ಕೂಲಿಗೆ ದುಡ್ಡಿಲ್ಲ. ಯಂತ್ರ ಚೆನ್ನಾಗಿಯೇ ಇರುತ್ತದೆ, ತಿರುಗುವುದಿಲ್ಲ ಅಷ್ಟೇ. ನಾವು ಅದಕ್ಕೆ ವರ್ಕಿಂಗ್ ಕ್ಯಾಪಿಟಲ್ ಇಲ್ಲ ಅನ್ನುತ್ತೇವೆ. ಊರಲ್ಲಿ ಕೂತು ಪಟ್ಟಿ ಮಾಡುವಾಗ ನಮಗೆ ಗೊತ್ತಿರುವುದು ನಮ್ಮ ಕಲ್ಪನೆಯ ಕಾಡು. ನಿಜವಾದ ಕಾಡು ಏನು ಕೇಳುತ್ತದೆ ಎಂಬುದು ದಾರಿಯಲ್ಲೇ ತಿಳಿಯಬೇಕು. ತಿಳಿದ ದಿನ ಕೈಯಲ್ಲಿ ಒಂದಿಷ್ಟು ರೊಕ್ಕ ಉಳಿದಿರಬೇಕು. ಮೆಲ್ಬರ್ನಿನವರು ಕಲ್ಪನೆಗೇ ಎಲ್ಲವನ್ನೂ ಖರ್ಚು ಮಾಡಿದ್ದರು.

ಬರ್ಕ್ ನವೆಂಬರ್ 11ರಂದು ಕೂಪರ್ ಕ್ರೀಕ್ ಮುಟ್ಟಿದ. ಅಲ್ಲಿ ವಿಲಿಯಂ ಬ್ರಾಹೆ ಎಂಬವನ ಕೈಗೆ ಠಾಣ್ಯ ಒಪ್ಪಿಸಿ, ಡಿಸೆಂಬರ್ 16ರಂದು ವಿಲ್ಸ್, ಜಾನ್ ಕಿಂಗ್, ಚಾರ್ಲಿ ಗ್ರೇ ಜೊತೆ ಉತ್ತರಕ್ಕೆ ಹೊರಟ. ಆರು ಒಂಟೆ, ಒಂದು ಕುದುರೆ, ಮೂರು ತಿಂಗಳ ಆಹಾರ. 20 ಟನ್ ಸಾಮಾನಿನಿಂದ ಆರಂಭವಾದ ಯಾತ್ರೆ ಈ ಹಂತದಲ್ಲಿ ಒಂದು ಗುಡಾರವನ್ನೂ ಒಯ್ಯಲಿಲ್ಲ! 1861ರ ಫೆಬ್ರವರಿಯಲ್ಲಿ ಅವರು ಉತ್ತರದ ಕರಾವಳಿಯ ಕಾಂಡ್ಲಾ ಕಾಡಿನ ಕೆಸರಿನವರೆಗೆ ಹೋದರು. ಸಮುದ್ರದ ಉಪ್ಪು ನೀರು ಸಿಕ್ಕಿತು, ಸಮುದ್ರ ಮಾತ್ರ ಕಣ್ಣಿಗೆ ಬೀಳಲಿಲ್ಲ. ಹೋಗಲು 59 ದಿನ ಹಿಡಿದಿತ್ತು. ತಿರುಗುವಾಗ ಉಳಿದಿದ್ದ ಆಹಾರ 27 ದಿನದ್ದು. ಏಪ್ರಿಲ್ 17ಕ್ಕೆ ಗ್ರೇ ತೀರಿಕೊಂಡ. ಅವನನ್ನು ಹೂಳಲು ನಿತ್ರಾಣರಾಗಿದ್ದ ಮೂವರಿಗೆ ಒಂದು ದಿನ ಹಿಡಿಯಿತು.

ಏಪ್ರಿಲ್ 21ರ ಸಂಜೆ ಮೂವರೂ ಕೂಪರ್ ಕ್ರೀಕಿಗೆ ಬಂದರು. ಠಾಣ್ಯ ಖಾಲಿ. ಅದೇ ದಿನ ಬೆಳಿಗ್ಗೆ ಬ್ರಾಹೆ ಹೊರಟುಹೋಗಿದ್ದ. ಮೂರು ತಿಂಗಳು ಕಾಯಲು ಹೇಳಿದ್ದರು, ನಾಲ್ಕು ತಿಂಗಳಿಗೂ ಹೆಚ್ಚು ಕಾದಿದ್ದ. ಜೊತೆಯವನೊಬ್ಬ ಏಟು ಬಿದ್ದು ಮಲಗಿದ್ದ. ಮೆನಿಂಡಿಯಿಂದ ಬರಬೇಕಾದ ಸಾಮಾನು ಬಂದೇ ಇರಲಿಲ್ಲ. ಬಂದಿದ್ದರೆ ಅವನು ಹೊರಡುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಹೋಗುವಾಗ ಮರದ ಮೇಲೆ ಗುರುತು ಕೆತ್ತಿ, ಬುಡದಲ್ಲಿ ಸ್ವಲ್ಪ ದಿನಸಿ ಹೂತಿಟ್ಟಿದ್ದ. ಬಟ್ಟೆ ಇಟ್ಟಿರಲಿಲ್ಲ. ಆ ಮರ ಈಗಲೂ ಇದೆ, 'ಡಿಗ್ ಟ್ರೀ' ಎಂದೇ ಹೆಸರಾಗಿದೆ.

ಅತ್ತ ರೈಟನ ತಂಡ ನೀರಿಲ್ಲದ ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಸ್ಕರ್ವಿ, ಭೇದಿಯಿಂದ ನರಳುತ್ತಿತ್ತು. ಏಪ್ರಿಲ್ ಮತ್ತು ಜೂನ್ ನಡುವೆ ಬ್ರಾಹೆಯ ಜೊತೆಯ ಆ ಗಾಯಾಳುವೂ ಸೇರಿ ನಾಲ್ವರು ಸತ್ತರು. ಅವರಲ್ಲೊಬ್ಬ ಜರ್ಮನ್ ಚಿತ್ರಕಾರ ಲುಡ್ವಿಗ್ ಬೆಕರ್, 52 ವರ್ಷ, ಹೆಚ್ಚುಕಡಿಮೆ ನನ್ನ ವಾರಿಗೆಯವನು. ಭಾರ ಹೆಚ್ಚಾಯಿತೆಂದು ಬರ್ಕ್ ಅವನನ್ನು ನಡೆಸಿದ್ದ, ಮೂಟೆ ಹೊರಿಸಿದ್ದ. ಅದರ ನಡುವೆಯೂ ಅವನು ಬರೆದ ಚಿತ್ರಗಳು ಮೆಲ್ಬರ್ನಿನ ಸರಕಾರಿ ಗ್ರಂಥಾಲಯದಲ್ಲಿವೆ. ಇಡೀ ಯಾತ್ರೆಯಿಂದ ಉಳಿದ ಆಸ್ತಿಯೆಂದು ಬರೆಯುವುದಾದರೆ ಅವನ್ನು ಮೊದಲು ಬರೆಯಬೇಕು.

ಕೂಪರ್ ಕ್ರೀಕಿನ ದಂಡೆ ಬಂಜರಲ್ಲ. ಅಲ್ಲಿ ಯಾಂಡ್ರುವಾಂಡ ಜನ ತಲೆತಲಾಂತರದಿಂದ ಬಲೆ, ಬೀಸುವ ಕಲ್ಲು, ಮರದ ಬೋಗುಣಿ ಇಟ್ಟುಕೊಂಡು ಬಾಳುತ್ತಿದ್ದರು. ಈ ಮೂವರಿಗೆ ಮೀನು ಕೊಟ್ಟರು, ನಾರ್ಡೂ ಎಂಬ ಗಿಡದ ಬೀಜದಂಥ ಕಾಯಿಯ ರೊಟ್ಟಿ ಕೊಟ್ಟರು. ಬರ್ಕ್ ಅವರನ್ನು ನಂಬಲಿಲ್ಲ, ಪಿಸ್ತೂಲು ಹಾರಿಸಿ ದೂರವಿಟ್ಟ. ನಾರ್ಡೂವನ್ನು ತಾವೇ ಕುಟ್ಟಿ ತಿಂದರು, ಹೊಟ್ಟೆ ತುಂಬಿತು, ಮೈಗೆ ಶಕ್ತಿ ಹತ್ತಲಿಲ್ಲ. ಅದರಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಅಂಶವಿದೆ, ಸ್ಥಳೀಯರು ಹದಮಾಡುವ ಕ್ರಮದಲ್ಲಿ ಅದು ತಗ್ಗುತ್ತದೆ ಎಂಬುದು ಈಗಿನ ವಿಜ್ಞಾನಿಗಳ ವಿವರಣೆ. ಜೂನ್ ಕೊನೆಯ ಹೊತ್ತಿಗೆ ವಿಲ್ಸ್, ಬರ್ಕ್ ಇಬ್ಬರೂ ತೀರಿಕೊಂಡರು. ಕಿಂಗ್ ಮಾತ್ರ ಯಾಂಡ್ರುವಾಂಡರ ಆಶ್ರಯ ಕೇಳಿದ, ಅವರು ಸಾಕಿದರು. ಸೆಪ್ಟೆಂಬರ್ 15ರಂದು ಹುಡುಕಿ ಬಂದ ತಂಡಕ್ಕೆ ಅವನು ಜೀವಂತವಾಗಿ ಸಿಕ್ಕ. ಉತ್ತರಕ್ಕೆ ಹೋದ ನಾಲ್ವರಲ್ಲಿ ಬದುಕಿದವನು ಅವನೊಬ್ಬನೇ.

ಹುಡುಕಲು ಹೋದ ತಂಡಗಳ ಖರ್ಚೂ ಸೇರಿ ಒಟ್ಟು ಸುಮಾರು 60,000 ಪೌಂಡ್ ಆಯಿತು ಎನ್ನುತ್ತಾರೆ. ಸತ್ತವರು ಏಳು ಜನ. ವಿಚಾರಣಾ ಆಯೋಗ ತಂಡ ಒಡೆದದ್ದಕ್ಕೆ ಬರ್ಕ್‌ನನ್ನೂ, ತಡಮಾಡಿದ್ದಕ್ಕೆ ರೈಟ್‌ನನ್ನೂ ದೂರಿತು, ಸಮಿತಿಯ ಅಲಕ್ಷ್ಯವನ್ನೂ ಹೇಳಿತು. ಸ್ಟುವರ್ಟ್ ಸಣ್ಣ ತಂಡ, ಕುದುರೆಗಳು, ಹಗುರ ಸಾಮಾನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಿ 1862ರ ಜುಲೈ 24ರಂದು ಉತ್ತರದ ಸಮುದ್ರಕ್ಕೆ ಕೈ ಅದ್ದಿದ. ಅವನೂ ಸ್ಕರ್ವಿಯಿಂದ ಹಣ್ಣಾಗಿ ಡೋಲಿಯಲ್ಲಿ ಮಲಗಿಯೇ ಮರಳಿದ, ಆದರೆ ತನ್ನವರನ್ನೆಲ್ಲ ಜೀವಂತ ಕರೆತಂದ. 1872ರಲ್ಲಿ ಮುಗಿದ ಟೆಲಿಗ್ರಾಫ್ ತಂತಿ ಬಹುಮಟ್ಟಿಗೆ ಅವನ ದಾರಿಯನ್ನೇ ಹಿಡಿಯಿತು.

ತಮಾಷೆಯೆಂದರೆ ಪಟ್ಟಿಯಲ್ಲಿ ಅತಿ ವಿಚಿತ್ರವಾಗಿ ಕಂಡ ಒಂಟೆಗಳೇ ಸರಿಯಾದ ಖರೀದಿ. ಮುಂದೆ ಹಲವು ದಶಕ ಆ ಒಳನಾಡಿನ ಸರಕು ಸಾಗಿದ್ದು ಕರಾಚಿ ಕಡೆಯಿಂದ ಬಂದ ಒಂಟೆ ಮತ್ತು ಒಂಟೆಯವರ ಬೆನ್ನ ಮೇಲೆ. ಮೊದಲ ತಂಡದ ಜೊತೆ ಬಂದಿದ್ದ ದೋಸ್ತ್ ಮಹಮದ್ ಎಂಬವನಿಗೆ ಒಂಟೆಯ ದಾಳಿಯಲ್ಲಿ ಒಂದು ಕೈ ಶಾಶ್ವತವಾಗಿ ಊನವಾಯಿತು. ಊರಿಗೆ ಮರಳಲಿಲ್ಲ. ಅವನ ಗೋರಿ ಮೆನಿಂಡಿಯ ಹತ್ತಿರವೇ ಇದೆ.

ಬರ್ಕ್ ಮತ್ತು ವಿಲ್ಸ್‌ಗೆ 1863ರಲ್ಲಿ ಸರಕಾರಿ ಗೌರವದ ಅಂತ್ಯಸಂಸ್ಕಾರವಾಯಿತು, 1865ರಲ್ಲಿ ಪ್ರತಿಮೆಯೂ ಎದ್ದಿತು. ಅದಕ್ಕೆಲ್ಲ ಹಣ ಹೊತ್ತಿಗೆ ಸರಿಯಾಗಿ ಮಂಜೂರಾಯಿತು. ಹೊತ್ತಿಗೆ ಮಂಜೂರಾಗದೇ ಹೋದದ್ದು ಆ ನಾನೂರು ಪೌಂಡ್ ಮಾತ್ರ.